ಮೊಮ್ಮಗಳು ‘ಕ್ಲರ್ಕ್’ ಆಗಲು ಹೊರಟಿದ್ದಾಳೆ: ಅಮೆರಿಕದಲ್ಲಿ ಫೆಡರಲ್ ನ್ಯಾಯಾಧೀಶರಾಗುವ ದಾರಿ ಇದೇ ಏನು?

ಓದುಗರ ಪ್ರಶ್ನೆ

“ನಾನು ತುಮಕೂರು ಜಿಲ್ಲೆಯ ಕೋರ್ಟುಗಳಲ್ಲಿ 34 ವರ್ಷ ದುಡಿದು ಶಿರಸ್ತೇದಾರನಾಗಿ ನಿವೃತ್ತನಾದವನು. ವಯಸ್ಸು 78. ಮಗನ ಸಂಸಾರ ಅಮೆರಿಕದ ನ್ಯೂಜೆರ್ಸಿಯಲ್ಲಿದೆ. ಅಲ್ಲಿಯೇ ಹುಟ್ಟಿ ಬೆಳೆದ ಮೊಮ್ಮಗಳಿಗೆ ಈಗ 26. ಈ ವರ್ಷ ಕಾನೂನು ಪದವಿ ಮುಗಿಸುತ್ತಾಳೆ. ನ್ಯೂಯಾರ್ಕಿನ ದೊಡ್ಡ ಲಾ ಫರ್ಮ್ ಒಂದು ಕೈತುಂಬ ಸಂಬಳದ ಕೆಲಸ ಕೊಟ್ಟಿದೆ. ಇವಳು ಅದನ್ನು ಬದಿಗಿಟ್ಟು ಫೆಡರಲ್ ಡಿಸ್ಟ್ರಿಕ್ಟ್ ಜಡ್ಜ್ ಒಬ್ಬರ ಬಳಿ ಎರಡು ವರ್ಷ ಕ್ಲರ್ಕ್ ಆಗಿರುತ್ತಾಳಂತೆ, ಮುಂದೊಂದು ದಿನ ಅದೇ ಪೀಠದಲ್ಲಿ ಕೂರುವ ಆಸೆಯಂತೆ. ಓದಿನ ಸಾಲ ಎರಡು ಲಕ್ಷ ಡಾಲರ್ ಇದೆ. ಮಗನಿಗೆ ಸಿಟ್ಟು, ನನಗೆ ಗೊಂದಲ. ಕ್ಲರ್ಕ್ ಆದವರು ಜಡ್ಜ್ ಆಗಲು ಇಲಾಖಾ ಪರೀಕ್ಷೆ ಏನಾದರೂ ಇದೆಯೇ? ಆ ಹುದ್ದೆಗಳೆಲ್ಲ ಪಕ್ಷಕ್ಕೆ ಚಂದಾ ಕೊಟ್ಟವರಿಗೇ ಎಂದು ಒಬ್ಬರು, ನಮ್ಮ ಬಣ್ಣದವರಿಗೆ ಸಿಗುವುದಿಲ್ಲ ಎಂದು ಇನ್ನೊಬ್ಬರು, ಸಿಕ್ಕರೆ ಸಾಯುವವರೆಗೂ ಕದಲಿಸುವಂತಿಲ್ಲ ಎಂದು ಮತ್ತೊಬ್ಬರು ಹೇಳುತ್ತಾರೆ. ಅಲ್ಲಿನ ಜಿಲ್ಲಾ ನ್ಯಾಯಾಧೀಶರೊಬ್ಬರು ರಾಷ್ಟ್ರಪತಿಯ ಆದೇಶಕ್ಕೇ ತಡೆ ಕೊಟ್ಟರೆಂದು ಓದಿದೆ, ಅದು ಹೇಗೆ ಸಾಧ್ಯ? ನ್ಯೂಜೆರ್ಸಿಯಲ್ಲೇ ಒಬ್ಬ ಜಡ್ಜ್ ಮನೆಯಲ್ಲಿ ಕೊಲೆಯಾಯಿತಂತೆ, ಅದೂ ನಿಜವೇ? ಕೊನೆಯದಾಗಿ, ಅವಳು ಪೀಠದಲ್ಲಿ ಕೂತದ್ದನ್ನು ನಾನು ನೋಡುವೆನೇ?”

ಉತ್ತರ

ಹಿರಿಯರೇ, ಮೊದಲು ‘ಕ್ಲರ್ಕ್’ ಎಂಬ ಮುಳ್ಳನ್ನು ತೆಗೆದುಬಿಡೋಣ. ತಮ್ಮ ಪತ್ರದ ಅರ್ಧ ಸಂಕಟ ಅದರಲ್ಲೇ ಇದೆ. ನಾನೂ ಒಂದು ಕಾಲದಲ್ಲಿ ಇಂಥದೇ ನ್ಯಾಯಾಧೀಶರ ಬಳಿ ಎರಡು ವರ್ಷ ಲಾ ಕ್ಲರ್ಕ್ ಆಗಿದ್ದೆ. ಆಮೇಲಿನ ಇಪ್ಪತ್ತು ವರ್ಷ ಇದೇ ಬಗೆಯ ಕೋರ್ಟುಗಳಲ್ಲಿ ವಕೀಲಿಕೆ. ಕೆಲಸ ಸಿಕ್ಕಿತೆಂದು ಊರಿಗೆ ಫೋನ್ ಮಾಡಿದಾಗ ನಮ್ಮ ಅಮ್ಮ ಕೇಳಿದ ಮೊದಲ ಪ್ರಶ್ನೆ: “ಟೈಪಿಂಗ್ ಪರೀಕ್ಷೆ ಇತ್ತೇನೋ?”

ತಾವು ಮಾಡುತ್ತಿದ್ದ ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ. ಕೇಸ್ ಕಟ್ಟುಗಳನ್ನು ಕಾಯುವುದು, ವಾಯಿದೆ ಹಾಕುವುದು, ಸಮನ್ಸು ಹೊರಡಿಸುವುದು, ಇವೆಲ್ಲ ಅಲ್ಲಿಯೂ ಉಂಟು. ಅದಕ್ಕೆ ಬೇರೆ ಸಿಬ್ಬಂದಿ ಇದ್ದಾರೆ. ಲಾ ಕ್ಲರ್ಕ್ ಎಂದರೆ ನ್ಯಾಯಾಧೀಶರ ಖಾಸಾ ಕಾನೂನು ಸಹಾಯಕ. ನಮ್ಮ ಹೈಕೋರ್ಟ್ ನ್ಯಾಯಮೂರ್ತಿಗಳ ಬಳಿ ಸಂಶೋಧನಾ ಸಹಾಯಕರು ಇರುತ್ತಾರಲ್ಲ, ಅವರ ಹತ್ತಿರದ ನೆಂಟ ಎನ್ನಬಹುದು. ಎರಡೂ ಕಡೆಯ ವಕೀಲರ ಲಿಖಿತ ವಾದವನ್ನು ಓದುವುದು, ಅವರು ಉಲ್ಲೇಖಿಸಿದ ತೀರ್ಪುಗಳು ನಿಜಕ್ಕೂ ಹಾಗೆ ಹೇಳುತ್ತವೆಯೇ ಎಂದು ತೆಗೆದು ನೋಡುವುದು, ನ್ಯಾಯಾಧೀಶರಿಗೆ ಟಿಪ್ಪಣಿ ಬರೆದು ಕೊಡುವುದು, ಆದೇಶದ ಮೊದಲ ಕರಡು ತಯಾರಿಸುವುದು, ಅವರು ಕೆಂಪು ಶಾಯಿಯಲ್ಲಿ ಅದರ ಮುಕ್ಕಾಲು ಪಾಲು ಹೊಡೆದುಹಾಕಿದಾಗ ಮತ್ತೆ ಬರೆಯುವುದು. ಒಬ್ಬ ಜಿಲ್ಲಾ ನ್ಯಾಯಾಧೀಶರಿಗೆ ಸಾಮಾನ್ಯವಾಗಿ ಇಬ್ಬರು, ಹೆಚ್ಚೆಂದರೆ ಮೂವರು ಲಾ ಕ್ಲರ್ಕುಗಳು. ಒಳ್ಳೆಯ ಕಾಲೇಜಿನಲ್ಲಿ ಮುಂದಿನ ಸಾಲಿನಲ್ಲಿದ್ದವರಿಗೂ ಈ ಕೆಲಸ ಸುಲಭಕ್ಕೆ ಸಿಗುವುದಿಲ್ಲ. ತಮ್ಮ ಮೊಮ್ಮಗಳು ದಾರಿ ತಪ್ಪಿಲ್ಲ.

ಆದರೆ ಇದು ನ್ಯಾಯಾಧೀಶರ ಹುದ್ದೆಗೆ ಮೆಟ್ಟಿಲೂ ಅಲ್ಲ. ಇಲಾಖಾ ಪರೀಕ್ಷೆ ಇಲ್ಲ, ಯಾವ ಪರೀಕ್ಷೆಯೂ ಇಲ್ಲ. ನಮ್ಮಲ್ಲಿ ಹೈಕೋರ್ಟ್ ನಡೆಸುವ ಸಿವಿಲ್ ನ್ಯಾಯಾಧೀಶರ ಪರೀಕ್ಷೆ ಬರೆದು ಪಾಸಾಗಿ, ಅಲ್ಲಿಂದ ಹಿರಿಯ ಶ್ರೇಣಿ, ಜಿಲ್ಲಾ ನ್ಯಾಯಾಧೀಶ ಎಂದು ಬಡ್ತಿ ಪಡೆಯುತ್ತ ಹೋಗುವ ಸೇವೆ ಇದೆ. ಅಮೆರಿಕದಲ್ಲಿ ಆ ಸೇವೆಯೇ ಇಲ್ಲ. ಮೂವತ್ತರ ಒಳಗೆ ಯಾರೂ ಫೆಡರಲ್ ನ್ಯಾಯಾಧೀಶರ ಕೆಲಸಕ್ಕೆ ‘ಸೇರುವುದಿಲ್ಲ’. ಇಪ್ಪತ್ತು ವರ್ಷ ಬೇರೇನನ್ನೋ ಚೆನ್ನಾಗಿ ಮಾಡಿದವರ ಮೇಲೆ, ಬಹುಪಾಲು ನಲವತ್ತರ ಕೊನೆಗೋ ಐವತ್ತರ ಆಸುಪಾಸಿಗೋ, ಆ ನೇಮಕ ಬಂದು ಬೀಳುತ್ತದೆ. ಬೀಳದೆಯೂ ಹೋಗುತ್ತದೆ, ಅದೇ ಹೆಚ್ಚು. ಒಂದು ತಮಾಷೆ ಎಂದರೆ, ಅಮೆರಿಕದ ಸಂವಿಧಾನ ಈ ಹುದ್ದೆಗೆ ಕನಿಷ್ಠ ವಯಸ್ಸನ್ನು ಹೇಳಿಲ್ಲ, ಕಾನೂನು ಪದವಿ ಬೇಕೆಂದೂ ಹೇಳಿಲ್ಲ. ರಾಷ್ಟ್ರಾಧ್ಯಕ್ಷರು ಹೆಸರಿಸಬೇಕು, ಸೆನೆಟ್ ಎಂಬ ಅಲ್ಲಿನ ಮೇಲ್ಮನೆ ಒಪ್ಪಬೇಕು, ಅಷ್ಟೇ.

‘ಡಿಸ್ಟ್ರಿಕ್ಟ್ ಜಡ್ಜ್’ ಎಂಬ ಹೆಸರೂ ನಮ್ಮವರನ್ನು ಎಡವಿಸುತ್ತದೆ. ಅಲ್ಲಿ ಎರಡು ಕೋರ್ಟ್ ವ್ಯವಸ್ಥೆಗಳು ಪಕ್ಕಪಕ್ಕದಲ್ಲಿ ನಡೆಯುತ್ತವೆ. ಕೊಲೆ, ವಿಚ್ಛೇದನ, ಮನೆ ಬಾಡಿಗೆ, ರಸ್ತೆ ಅಪಘಾತ ಮೊದಲಾದ ದಿನನಿತ್ಯದ ವ್ಯಾಜ್ಯಗಳಲ್ಲಿ ಬಹುಪಾಲು ರಾಜ್ಯಗಳ ಕೋರ್ಟಿಗೆ ಹೋಗುತ್ತವೆ. ಹಲವು ರಾಜ್ಯಗಳಲ್ಲಿ ಆ ನ್ಯಾಯಾಧೀಶರು ಚುನಾವಣೆಗೆ ನಿಂತು ಗೆಲ್ಲಬೇಕು. ಕಾಸರಗೋಡಿನಲ್ಲಿ ಬೀಡಿ ಕಟ್ಟಿ ಓದಿ ವಕೀಲರಾಗಿ, ಅಮೆರಿಕಕ್ಕೆ ಹೋಗಿ 2023ರಲ್ಲಿ ಟೆಕ್ಸಾಸಿನಲ್ಲಿ ಡಿಸ್ಟ್ರಿಕ್ಟ್ ಜಡ್ಜ್ ಆಗಿ ಪ್ರಮಾಣವಚನ ತೆಗೆದುಕೊಂಡ ಸುರೇಂದ್ರನ್ ಪಟ್ಟೇಲ್ ಅವರ ಸುದ್ದಿಯನ್ನು ತಾವು ಓದಿರಬಹುದು. ಅವರು ಗೆದ್ದದ್ದು ಮತದಿಂದ. ಅದು ರಾಜ್ಯದ ಪೀಠ. ತಮ್ಮ ಮೊಮ್ಮಗಳು ಹೇಳುತ್ತಿರುವುದು ಕೇಂದ್ರದ್ದು, ಅಂದರೆ ಫೆಡರಲ್ ವಿಚಾರಣಾ ನ್ಯಾಯಾಲಯ. ಇಡೀ ದೇಶಕ್ಕೆ ಅಂಥ 94 ಡಿಸ್ಟ್ರಿಕ್ಟ್ ಕೋರ್ಟುಗಳು, ಹೆಚ್ಚುಕಡಿಮೆ 670 ನ್ಯಾಯಾಧೀಶರ ಹುದ್ದೆಗಳು. ನ್ಯೂಜೆರ್ಸಿ ಪೂರ್ತಿ ಒಂದೇ ಡಿಸ್ಟ್ರಿಕ್ಟ್. ನ್ಯೂವರ್ಕ್, ಟ್ರೆಂಟನ್, ಕ್ಯಾಮ್ಡನ್ ಈ ಮೂರು ಊರುಗಳಲ್ಲಿ ಕೂರುವ 17 ಹುದ್ದೆಗಳು. ದೇಶದಲ್ಲಿ ಹುದ್ದೆ ಹೆಚ್ಚಿಸಲು ಕಾಂಗ್ರೆಸ್ಸಿನ, ಅಂದರೆ ಅಲ್ಲಿನ ಸಂಸತ್ತಿನ, ಕಾಯ್ದೆಯೇ ಬೇಕು. 2024ರಲ್ಲಿ ಅರವತ್ತಕ್ಕೂ ಹೆಚ್ಚು ಹೊಸ ಹುದ್ದೆಗಳ ಮಸೂದೆ ಎರಡೂ ಸದನ ದಾಟಿ ಬಂದಿತ್ತು. ಡಿಸೆಂಬರಿನಲ್ಲಿ ಅಧ್ಯಕ್ಷ ಬೈಡನ್ ಅದನ್ನು ತಿರಸ್ಕರಿಸಿದರು. ಯಾರ ಕಾಲದಲ್ಲಿ ಎಷ್ಟು ಕುರ್ಚಿ ಎಂಬ ಲೆಕ್ಕಾಚಾರ ಅಲ್ಲಿಯೂ ಇದೆ.

ಇಲ್ಲಿಗೆ ತಮ್ಮ ಚಂದಾ ಪ್ರಶ್ನೆ ಬಂತು. ದುಡ್ಡು ಕೊಟ್ಟು ಈ ಕುರ್ಚಿ ಕೊಳ್ಳಬಹುದು ಎನ್ನುವುದು ಸುಳ್ಳು. ರಾಜಕೀಯಕ್ಕೂ ಇದಕ್ಕೂ ಸಂಬಂಧವಿಲ್ಲ ಎನ್ನುವುದು ಅದಕ್ಕಿಂತ ದೊಡ್ಡ ಸುಳ್ಳು. ಒಂದು ಕುರ್ಚಿ ತೆರವಾದಾಗ ಆ ರಾಜ್ಯದ ಇಬ್ಬರು ಸೆನೆಟರುಗಳ ಮಾತಿಗೆ ತೂಕ ಬರುತ್ತದೆ. ಹಲವರು ಸ್ಥಳೀಯ ಹಿರಿಯ ವಕೀಲರ ಸಮಿತಿ ಮಾಡಿ ಅರ್ಜಿ ತರಿಸಿ ಸಂದರ್ಶನ ನಡೆಸುತ್ತಾರೆ. ಕೆಲವರು ತಮಗೆ ಗೊತ್ತಿದ್ದವರ ಹೆಸರನ್ನೇ ಕಳಿಸುತ್ತಾರೆ. ಅಧ್ಯಕ್ಷರು ಹೆಸರು ಸೂಚಿಸಿದ ಮೇಲೆ ಆ ಇಬ್ಬರು ಸೆನೆಟರುಗಳಿಗೆ ನೀಲಿ ಬಣ್ಣದ ಒಂದು ಚೀಟಿ ಹೋಗುತ್ತದೆ. ಅದನ್ನು ಒಪ್ಪಿಗೆ ಬರೆದು ವಾಪಸು ಕಳಿಸದಿದ್ದರೆ ಕಡತ ಅಲ್ಲಿಯೇ ಕೊಳೆಯುತ್ತದೆ. ಇದು ಯಾವ ಕಾಯ್ದೆಯಲ್ಲೂ ಇಲ್ಲದ, ಬರೀ ರೂಢಿಯ ಮೇಲೆ ನಿಂತ ಪದ್ಧತಿ; ಮೇಲ್ಮನವಿ ನ್ಯಾಯಾಲಯಗಳ ಮಟ್ಟಿಗೆ ಅದು ಮುರಿದುಬಿದ್ದಿದೆ, ವಿಚಾರಣಾ ನ್ಯಾಯಾಧೀಶರ ಮಟ್ಟಿಗೆ ಇನ್ನೂ ಉಸಿರಾಡುತ್ತಿದೆ.

ಇದರ ಜೊತೆಗೆ ಕೇಂದ್ರದ ತನಿಖಾ ಸಂಸ್ಥೆಯಾದ ಎಫ್‌ಬಿಐ ತನಿಖೆ. ಹಳೆಯ ಸಹೋದ್ಯೋಗಿಗಳ, ನೆರೆಹೊರೆಯವರ ಬಾಗಿಲು ತಟ್ಟಿ ವಿಚಾರಿಸುತ್ತಾರೆ. ಸೆನೆಟಿನ ನ್ಯಾಯಾಂಗ ಸಮಿತಿ ಒಂದು ಪ್ರಶ್ನಾವಳಿ ಕೊಡುತ್ತದೆ: ಬರೆದ ಲೇಖನಗಳು, ಪತ್ರಿಕೆಗೆ ಬರೆದ ಪತ್ರಗಳು, ಮಾಡಿದ ಭಾಷಣಗಳು, ನಡೆಸಿದ ಹತ್ತು ಮುಖ್ಯ ಮೊಕದ್ದಮೆಗಳು, ಎದುರು ವಕೀಲರ ಹೆಸರು ಮತ್ತು ಫೋನ್ ಸಂಖ್ಯೆ. ನನ್ನ ಪರಿಚಯದ ವಕೀಲರೊಬ್ಬರು ಇದನ್ನು ತುಂಬಲು ಕಾಲೇಜು ದಿನಗಳ ಪೆಟ್ಟಿಗೆಗಳನ್ನು ಅಟ್ಟದಿಂದ ಇಳಿಸಬೇಕಾಯಿತು. ಆಮೇಲೆ ಬಹಿರಂಗ ವಿಚಾರಣೆ, ಸಮಿತಿಯ ಮತ, ಪೂರ್ಣ ಸದನದ ಮತ. ತಿಂಗಳುಗಟ್ಟಲೆ ಹಿಡಿಯುತ್ತದೆ, ವರ್ಷವೂ ಆಗುತ್ತದೆ. ಅಷ್ಟರಲ್ಲಿ ಅಧಿವೇಶನ ಮುಗಿದರೆ ಕಡತ ವಾಪಸು. ಅಧ್ಯಕ್ಷರು ಬದಲಾದರೆ ಕತೆಯೇ ಮುಗಿಯಿತು. ಕಾಯುವ ಕಾಲದಲ್ಲಿ ಹೊಸ ಕಕ್ಷಿದಾರರು ಅಂಥ ವಕೀಲರ ಬಳಿ ಬರುವುದಿಲ್ಲ, ನಾಳೆ ಪೀಠಕ್ಕೆ ಹೋಗುವವರಿಗೆ ಇಂದು ಕೇಸ್ ಕೊಡುವವರು ಯಾರು? ಹೀಗೆ ಕಾದು, ಕೊನೆಗೆ ಪೀಠವೂ ಇಲ್ಲ, ವಕೀಲಿಕೆಯೂ ಕುಸಿದಿತ್ತು ಎಂಬ ಸ್ಥಿತಿಯಲ್ಲಿ ನಿಂತವರಿದ್ದಾರೆ. ಈ ದಾರಿಯ ನಿಜವಾದ ಅಪಾಯ ಇದು. ಚಂದಾ ವಿಷಯದ ಹರಟೆಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಬಣ್ಣದ ಮಾತು ಹಳತಾಯಿತು. 2008ರಲ್ಲಿ ಕೆಂಟಕಿಯ ಪೂರ್ವ ಡಿಸ್ಟ್ರಿಕ್ಟಿನ ಪೀಠಕ್ಕೆ ಬಂದ ಅಮುಲ್ ಥಾಪರ್, ಜೀವಾವಧಿ ನೇಮಕ ಪಡೆದ ದಕ್ಷಿಣ ಏಷ್ಯಾ ಮೂಲದ ಮೊದಲ ಫೆಡರಲ್ ನ್ಯಾಯಾಧೀಶರು. 2014 ಒಂದೇ ವರ್ಷದಲ್ಲಿ ಬೋಸ್ಟನ್ನಿಗೆ ಇಂದಿರಾ ತಲ್ವಾನಿ, ಸ್ಯಾನ್ ಫ್ರಾನ್ಸಿಸ್ಕೋಗೆ ವಿನ್ಸ್ ಛಾಬ್ರಿಯಾ, ಶಿಕಾಗೋಗೆ ಮನೀಶ್ ಶಾ, ವಾಷಿಂಗ್ಟನ್ನಿಗೆ ಅಮಿತ್ ಮೆಹ್ತಾ ಬಂದರು. 2024ರಲ್ಲಿ ಗೂಗಲ್ ಕಂಪನಿ ಹುಡುಕಾಟದ ಮಾರುಕಟ್ಟೆಯಲ್ಲಿ ಕಾನೂನುಬಾಹಿರವಾಗಿ ಏಕಸ್ವಾಮ್ಯ ಕಾಪಾಡಿಕೊಂಡಿದೆ ಎಂದು ತೀರ್ಪು ಕೊಟ್ಟವರು ಗುಜರಾತಿನ ಪಾಟಣದಲ್ಲಿ ಹುಟ್ಟಿದ ಈ ಮೆಹ್ತಾ ಅವರೇ. ತಮ್ಮ ಮಗನಿಗೆ ಹೇಳಲು ಇನ್ನೊಂದು ಮಾತು: ಥಾಪರ್ ಮತ್ತು ಛಾಬ್ರಿಯಾ ಇಬ್ಬರೂ ಕಾನೂನು ಮುಗಿಸಿದ ಮೇಲೆ ವಿಚಾರಣಾ ನ್ಯಾಯಾಧೀಶರ ಬಳಿ ಲಾ ಕ್ಲರ್ಕ್ ಆಗಿದ್ದವರು. ಛಾಬ್ರಿಯಾ ತಾವು ಕ್ಲರ್ಕ್ ಆಗಿದ್ದ ಕೋರ್ಟಿಗೇ ನ್ಯಾಯಾಧೀಶರಾಗಿ ಹಿಂತಿರುಗಿದರು. ಈಗ ಸುಪ್ರೀಂ ಕೋರ್ಟಿನಲ್ಲಿರುವ ಕೆಟಾಂಜಿ ಬ್ರೌನ್ ಜಾಕ್ಸನ್ ಕೂಡ ಬೋಸ್ಟನ್ನಿನ ವಿಚಾರಣಾ ನ್ಯಾಯಾಧೀಶರೊಬ್ಬರ ಬಳಿ ಹೀಗೆಯೇ ಶುರು ಮಾಡಿದವರು. ಇದರಿಂದ ಕ್ಲರ್ಕ್ ಆದವರೆಲ್ಲ ನ್ಯಾಯಾಧೀಶರಾಗುತ್ತಾರೆ ಎಂದು ತಿಳಿಯಬೇಡಿ. ಆದವರಲ್ಲಿ ಹಲವರು ಕ್ಲರ್ಕ್ ಆಗಿದ್ದರು, ಅಷ್ಟೇ. ತರ್ಕ ಹಿಂದಕ್ಕೆ ಓಡುವುದಿಲ್ಲ.

ಸಾಯುವವರೆಗೂ ಕದಲಿಸುವಂತಿಲ್ಲ ಎಂಬುದು ಬಹುಮಟ್ಟಿಗೆ ನಿಜ. ಸಂವಿಧಾನದ ಮಾತು ‘ಸದ್ವರ್ತನೆ ಇರುವವರೆಗೆ’. ತೆಗೆಯಬೇಕೆಂದರೆ ಕೆಳಮನೆ ವಾಗ್ದಂಡನೆಗೆ ಗುರಿಪಡಿಸಬೇಕು, ಸೆನೆಟ್ ವಿಚಾರಣೆ ನಡೆಸಿ ಮೂರನೇ ಎರಡರಷ್ಟು ಮತದಿಂದ ದೋಷಿ ಎನ್ನಬೇಕು. ಇನ್ನೂರು ವರ್ಷ ದಾಟಿದ ಚರಿತ್ರೆಯಲ್ಲಿ 15 ಫೆಡರಲ್ ನ್ಯಾಯಾಧೀಶರು ವಾಗ್ದಂಡನೆಗೆ ಗುರಿಯಾಗಿ, 8 ಮಂದಿ ಪದಚ್ಯುತರಾಗಿದ್ದಾರೆ. ಅವರಲ್ಲೊಬ್ಬರಾದ ಆಲ್ಸೀ ಹೇಸ್ಟಿಂಗ್ಸ್ 1989ರಲ್ಲಿ ಪೀಠ ಕಳೆದುಕೊಂಡು, ಮೂರೇ ವರ್ಷಕ್ಕೆ ತಮ್ಮನ್ನು ದಂಡಿಸಿದ ಅದೇ ಕೆಳಮನೆಗೆ ಸದಸ್ಯರಾಗಿ ಆಯ್ಕೆಯಾದರು. ಸಾಯುವವರೆಗೆ ಅಲ್ಲಿಯೇ ಇದ್ದರು!

ವರ್ಗಾವಣೆ ಇಲ್ಲ. ತಮ್ಮಂಥವರಿಗೆ ಇದರ ಬೆಲೆ ಗೊತ್ತು. ನಮ್ಮ ನ್ಯಾಯಾಧೀಶರು ಮೂರು ವರ್ಷಕ್ಕೊಮ್ಮೆ ಪಾತ್ರೆ ಪಗಡ ಕಟ್ಟಿಕೊಂಡು, ಮಕ್ಕಳ ಶಾಲೆ ಬಿಡಿಸಿ ಊರು ಬದಲಿಸುತ್ತಾರೆ. ಅಲ್ಲಿ ಮೂವತ್ತು ವರ್ಷ ಒಂದೇ ಕಟ್ಟಡ, ಒಂದೇ ಕಿಟಕಿ. ಸಂಬಳವನ್ನು ಸರ್ಕಾರ ಇಳಿಸುವಂತಿಲ್ಲ. ಬಡ್ತಿಯ ಸಾಲೂ ಇಲ್ಲ. ನಮ್ಮ ಜಿಲ್ಲಾ ನ್ಯಾಯಾಧೀಶರು 60ಕ್ಕೆ ಮನೆಗೆ ಹೋದರೆ, ಅಲ್ಲಿ 65 ತುಂಬಿ 15 ವರ್ಷ ಸೇವೆಯಾದವರು ‘ಸೀನಿಯರ್’ ಆಗಬಹುದು: ಪೂರ್ಣ ಸಂಬಳ, ಇಷ್ಟಪಟ್ಟಷ್ಟು ಕೆಲಸ, ಅವರ ಕುರ್ಚಿಗೆ ಹೊಸಬರ ನೇಮಕ. ಕಾನ್ಸಾಸಿನ ವೆಸ್ಲಿ ಬ್ರೌನ್ ಎಂಬವರು 1962ರಲ್ಲಿ ನೇಮಕಗೊಂಡು, 2012ರಲ್ಲಿ 104ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ನ್ಯಾಯಾಧೀಶರಾಗಿಯೇ ಇದ್ದರು. ಕೊನೆಯ ವರ್ಷಗಳಲ್ಲಿ ಮೂಗಿಗೆ ಆಮ್ಲಜನಕದ ನಳಿಕೆ ಹಾಕಿಕೊಂಡು ಪೀಠ ಏರುತ್ತಿದ್ದರು. ಇದನ್ನು ಮೆಚ್ಚಬೇಕೋ ಬೇಡವೋ ಎಂಬ ಬಗ್ಗೆ ನನಗೇ ಎರಡು ಮನಸ್ಸಿದೆ.

ಇನ್ನು ಅಧ್ಯಕ್ಷರ ಆದೇಶಕ್ಕೆ ತಡೆ. ನಮ್ಮ ಜಿಲ್ಲಾ ನ್ಯಾಯಾಲಯದಲ್ಲಿ ಒಂದು ಕಾಯ್ದೆ ಸಂವಿಧಾನಕ್ಕೆ ವಿರುದ್ಧ ಎಂಬ ವಾದ ಎದ್ದರೆ ಏನಾಗುತ್ತಿತ್ತು ಎಂದು ತಾವೇ ನೆನಪಿಸಿಕೊಳ್ಳಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 113ನೇ ಪ್ರಕರಣದಡಿ ಹೈಕೋರ್ಟಿಗೆ ಬರೆದು ಕಳಿಸಬೇಕು. ರಿಟ್ ಅಧಿಕಾರ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಮಾತ್ರ. ಅಮೆರಿಕದಲ್ಲಿ ಕೆಳಗಿನ ಮೆಟ್ಟಿಲಿನ ಫೆಡರಲ್ ನ್ಯಾಯಾಧೀಶರಿಗೂ ಸಂವಿಧಾನವನ್ನು ಅರ್ಥೈಸುವ ಅಧಿಕಾರ ಇದೆ. ಅಂದರೆ ಆ ಪೀಠದಲ್ಲಿ ನಮ್ಮ ಜಿಲ್ಲಾ ಕೋರ್ಟಿನ ಕೆಲಸವೂ ಹೈಕೋರ್ಟಿನ ಒಂದು ಪಾಲೂ ಒಟ್ಟಿಗೆ ಇವೆ. ತಾವು ಓದಿದ್ದು 2025ರ ಜನವರಿಯ ಸುದ್ದಿ ಇರಬೇಕು. ತಾಯಿ ತಾತ್ಕಾಲಿಕ ವೀಸಾದಲ್ಲಿದ್ದು, ತಂದೆ ಪೌರನೂ ಗ್ರೀನ್ ಕಾರ್ಡ್ ಉಳ್ಳವನೂ ಅಲ್ಲದಿದ್ದರೆ ಅಲ್ಲಿ ಹುಟ್ಟುವ ಮಗುವಿಗೆ ಪೌರತ್ವವಿಲ್ಲ ಎಂದು ಅಧ್ಯಕ್ಷ ಟ್ರಂಪ್ ಆದೇಶ ಹೊರಡಿಸಿದರು. ಎಚ್-1ಬಿ ವೀಸಾದಲ್ಲಿದ್ದ ಎಷ್ಟೋ ಕನ್ನಡದ ಗರ್ಭಿಣಿಯರ ಮನೆಗಳಲ್ಲಿ ಆ ವಾರ ನಿದ್ದೆ ಇರಲಿಲ್ಲ. ಮೂರು ದಿನಕ್ಕೆ ಸಿಯಾಟಲ್‌ನ ನ್ಯಾಯಾಧೀಶ ಜಾನ್ ಕಾಫ್ನೌರ್ ತಡೆ ಕೊಟ್ಟರು. ಅವರನ್ನು 1981ರಲ್ಲಿ ನೇಮಿಸಿದ್ದು ರೊನಾಲ್ಡ್ ರೇಗನ್, ಅಂದರೆ ಟ್ರಂಪ್ ಅವರದೇ ಪಕ್ಷದ ಅಧ್ಯಕ್ಷ. ಪಕ್ಷ ನೋಡಿ ನೇಮಿಸಿದರೂ ಆಮೇಲೆ ಕಿವಿ ಹಿಂಡಲು ಆಗುವುದಿಲ್ಲ. ಜೀವಾವಧಿ ನೇಮಕದ ಅರ್ಥ ಅದೇ. ಆದರೆ ಆ ಅಧಿಕಾರಕ್ಕೂ ಬೇಲಿ ಬಿತ್ತು. ಅದೇ ವರ್ಷ ಜೂನ್‌ನಲ್ಲಿ ಸುಪ್ರೀಂ ಕೋರ್ಟ್, ದಾವೆ ಹೂಡಿದವರಿಗೆ ಪರಿಹಾರ ಕೊಡಲು ಬೇಕಾದ್ದಕ್ಕಿಂತ ಮುಂದೆ ಹೋಗಿ ಇಡೀ ದೇಶಕ್ಕೆ ಅನ್ವಯಿಸುವ ತಡೆ ಕೊಡುವಂತಿಲ್ಲ ಎಂದಿತು. ಮುಂದಿನ ತಿಂಗಳೇ ನ್ಯೂ ಹ್ಯಾಂಪ್‌ಶೈರಿನ ನ್ಯಾಯಾಧೀಶರೊಬ್ಬರು, ಅಂಥ ಮಕ್ಕಳೆಲ್ಲರ ಪರವಾದ ಸಾಮೂಹಿಕ ದಾವೆಯನ್ನು ಅಂಗೀಕರಿಸಿ ಬೇರೆ ದಾರಿಯಿಂದ ತಡೆ ಕೊಟ್ಟರು.

ಇಂಥ ದಿನಗಳು ವೃತ್ತಿಯಲ್ಲಿ ಒಂದೋ ಎರಡೋ. ಉಳಿದ ದಿನಗಳ ಕೆಲಸವೇನೆಂದು ಮೊಮ್ಮಗಳು ನೋಡುವುದೇ ಈ ಎರಡು ವರ್ಷದ ನಿಜವಾದ ಲಾಭ. ಸಿನಿಮಾದಲ್ಲಿ ಕಾಣುವ ಪಾಟೀಸವಾಲು ಅಪರೂಪ. ಫೆಡರಲ್ ಕ್ರಿಮಿನಲ್ ಪ್ರಕರಣಗಳಲ್ಲಿ ಹತ್ತು ಆರೋಪಿಗಳಲ್ಲಿ ಹೆಚ್ಚುಕಡಿಮೆ ಒಂಬತ್ತು ಮಂದಿ ತಪ್ಪೊಪ್ಪಿಕೊಳ್ಳುತ್ತಾರೆ. ಜ್ಯೂರಿಯ, ಅಂದರೆ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ನಾಗರಿಕರ, ಮುಂದೆ ಹೋಗುವವರು ನೂರಕ್ಕೆ ಎರಡು ಮೂರು. ಹಾಗಾಗಿ ನ್ಯಾಯಾಧೀಶರ ಎದೆಯ ಮೇಲಿನ ಭಾರ ‘ತಪ್ಪಿತಸ್ಥನೇ’ ಎಂಬುದಲ್ಲ, ‘ಎಷ್ಟು ವರ್ಷ’ ಎಂಬುದು.

ಒಂದು ದಿನ ನೆನಪಿದೆ. ಎರಡು ಕಿಲೋ ಕೊಕೇನ್ ಸಾಗಿಸಿ ಸಿಕ್ಕಿಬಿದ್ದ ಲಾರಿ ಚಾಲಕ. ಐನೂರು ಗ್ರಾಂ ದಾಟಿದರೆ ಐದು ವರ್ಷಕ್ಕೆ ಕಡಿಮೆ ಇಲ್ಲ ಎಂದು ಕಾಯ್ದೆ. ಹಿಂದೊಂದು ಪ್ರಕರಣ ಇದ್ದುದರಿಂದ ರಿಯಾಯಿತಿಯ ಬಾಗಿಲೂ ಮುಚ್ಚಿತ್ತು. ಶಿಕ್ಷೆಯ ಮಾರ್ಗಸೂಚಿ ಎಂದು ಒಂದು ಕೋಷ್ಟಕ ಇದೆ: ಅಪರಾಧದ ಗಾತ್ರಕ್ಕೆ 43 ಸಾಲು, ಹಿಂದಿನ ಅಪರಾಧಗಳಿಗೆ 6 ಅಂಕಣ, ಎರಡೂ ಕೂಡುವ ಮನೆಯಲ್ಲಿ ಇಷ್ಟರಿಂದ ಇಷ್ಟು ತಿಂಗಳು ಎಂದು ಬರೆದಿರುತ್ತದೆ. 1987ರಿಂದ ಅದು ಕಡ್ಡಾಯವಾಗಿತ್ತು, 2005ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಬರೀ ಸಲಹೆ. ನಮ್ಮ ನ್ಯಾಯಾಧೀಶರು ಟಿಪ್ಪಣಿಯ ಹಾಳೆಯಲ್ಲಿ ತಿಂಗಳ ಸಂಖ್ಯೆಯ ಜಾಗವನ್ನು ಖಾಲಿ ಬಿಟ್ಟುಕೊಂಡೇ ಪೀಠಕ್ಕೆ ಹೋಗುತ್ತಿದ್ದರು. ಆರೋಪಿಗೆ ಕೊನೆಯ ಮಾತಾಡುವ ಹಕ್ಕಿದೆ. ಅವನು ಬಾಯಿ ಬಿಡುವ ಮೊದಲೇ ಸಂಖ್ಯೆ ಬರೆದುಕೊಳ್ಳುವುದು ಮೋಸ ಎನ್ನುತ್ತಿದ್ದರು. ಅವನು ಹೇಳಿದ್ದು ಎರಡೇ ವಾಕ್ಯ. ಇವರು 60 ಎಂದು ಬರೆದರು, ಅದಕ್ಕಿಂತ ಕೆಳಗೆ ಇಳಿಯಲು ಕಾಯ್ದೆ ಬಿಡುವುದಿಲ್ಲ. ಆಮೇಲೆ ಕೋಣೆಗೆ ಬಂದು ನನ್ನನ್ನು ಕರೆದು ಭೂಪಟ ಬಿಚ್ಚಿದರು. ಅವನ ತಾಯಿಯ ಪತ್ರ ಕಡತದಲ್ಲಿತ್ತು, ವಯಸ್ಸಾದವಳು, ಕಾರು ಓಡಿಸಲು ಬಾರದವಳು. ಬಸ್ಸಿನಲ್ಲಿ ಒಂದು ಹಗಲಿನಲ್ಲಿ ಹೋಗಿ ತಲುಪಬಹುದಾದ ಜೈಲು ಯಾವುದೆಂದು ಅರ್ಧ ಗಂಟೆ ಹುಡುಕಿದೆವು. ಯಾವ ಜೈಲು ಎಂದು ನಿರ್ಧರಿಸುವುದು ಜೈಲು ಇಲಾಖೆ. ನ್ಯಾಯಾಧೀಶರದು ಬರೀ ಶಿಫಾರಸು. ಆ ಶಿಫಾರಸಿನ ಒಂದು ಸಾಲಿನ ಕರಡನ್ನು ನಾನು ನಾಲ್ಕು ಸಲ ಬರೆದೆ.

ಸಿವಿಲ್ ಕಡೆ ಬೇರೆ ಬಗೆಯ ಒತ್ತಡ. ನಮ್ಮಂತೆ ಅಲ್ಲಿಯೂ ಬಾಕಿ ಇದೆ, ಆದರೆ 1990ರ ಒಂದು ಕಾಯ್ದೆ ಚುರುಕು ಮುಟ್ಟಿಸುವ ಉಪಾಯ ಮಾಡಿದೆ. ಆರು ತಿಂಗಳು ದಾಟಿಯೂ ಆದೇಶವಾಗದ ಅರ್ಜಿಗಳ ಪಟ್ಟಿ ಮಾರ್ಚ್ 31ಕ್ಕೂ ಸೆಪ್ಟೆಂಬರ್ 30ಕ್ಕೂ ನ್ಯಾಯಾಧೀಶರ ಹೆಸರಿನ ಸಮೇತ ಪ್ರಕಟವಾಗುತ್ತದೆ. ದಂಡವಿಲ್ಲ, ನೋಟಿಸಿಲ್ಲ, ಮರ್ಯಾದೆ ಮಾತ್ರ. ಆ ಎರಡು ತಿಂಗಳ ಕೊನೆಯ ವಾರಗಳಲ್ಲಿ ಮೊಮ್ಮಗಳು ಫೋನ್ ಎತ್ತದಿದ್ದರೆ ಬೇಸರ ಮಾಡಿಕೊಳ್ಳಬೇಡಿ. ಎತ್ತಿದಾಗಲೂ ಕೇಸುಗಳ ಬಗ್ಗೆ ಕೇಳಬೇಡಿ. ಅವಳು ಹೇಳುವಂತಿಲ್ಲ, ಹೇಳಲೂ ಬಾರದು. ತಮಗೆ ಇದನ್ನು ವಿವರಿಸಬೇಕಾಗಿಲ್ಲ.

ಕೊಲೆಯ ಸುದ್ದಿ ನಿಜ. 2020ರ ಜುಲೈನಲ್ಲಿ ನ್ಯೂಜೆರ್ಸಿಯ ಫೆಡರಲ್ ನ್ಯಾಯಾಧೀಶೆ ಎಸ್ತರ್ ಸಲಾಸ್ ಅವರ ಮನೆಗೆ, ಹಿಂದೆ ಅವರ ಮುಂದೆ ಕೇಸು ನಡೆಸಿದ್ದ ವಕೀಲನೊಬ್ಬ ಪಾರ್ಸೆಲ್ ತಂದವನ ವೇಷದಲ್ಲಿ ಬಂದು ಗುಂಡು ಹಾರಿಸಿದ. ಇಪ್ಪತ್ತು ವರ್ಷದ ಮಗ ಡೇನಿಯಲ್ ಸತ್ತ, ಪತಿ ತೀವ್ರವಾಗಿ ಗಾಯಗೊಂಡರು. ನ್ಯಾಯಾಧೀಶರ ಮನೆ ವಿಳಾಸ ಮೊದಲಾದ ವಿವರಗಳನ್ನು ಅಂತರಜಾಲದಿಂದ ತೆಗೆಸಲು ಅವಕಾಶ ಕೊಡುವ ಕಾಯ್ದೆ 2022ರಲ್ಲಿ ಆ ಹುಡುಗನ ಹೆಸರಿನಲ್ಲೇ ಬಂತು. ಲಾ ಕ್ಲರ್ಕುಗಳಿಗೆ ಇಂಥ ಅಪಾಯ ತೀರಾ ಕಡಿಮೆ. ಪೀಠದಲ್ಲಿರುವವರಿಗೆ ಬೆದರಿಕೆ ಈಗ ವೃತ್ತಿಯ ಭಾಗವೇ ಆಗಿಬಿಟ್ಟಿದೆ. ನಾನು ಮುಚ್ಚಿಟ್ಟು ಹೇಳುವುದಿಲ್ಲ.

ಈಗ ಮಗನ ಸಿಟ್ಟಿನ ವಿಷಯ, ಅಂದರೆ ದುಡ್ಡು. ದೊಡ್ಡ ಫರ್ಮುಗಳಲ್ಲಿ ಮೊದಲ ವರ್ಷದ ವಕೀಲರಿಗೆ 2,25,000 ಡಾಲರ್ ಮತ್ತು ವರ್ಷಾಂತ್ಯದ ಬೋನಸ್. 2025ರಲ್ಲಿ ಫೆಡರಲ್ ಜಿಲ್ಲಾ ನ್ಯಾಯಾಧೀಶರ ಸಂಬಳ 2,47,400 ಡಾಲರ್. ನೋಡಿ, ನಿನ್ನೆ ಕಾಲೇಜು ಬಿಟ್ಟವಳ ಗಳಿಕೆಯೂ ಅವಳ ವಾದ ಕೇಳುವ ನ್ಯಾಯಾಧೀಶರ ಸಂಬಳವೂ ಹತ್ತಿರ ಹತ್ತಿರ! ಲಾ ಕ್ಲರ್ಕಿಗೆ ಸಿಗುವುದು ಫರ್ಮಿನ ಸಂಬಳದ ಅರ್ಧಕ್ಕಿಂತ ಬಹಳ ಕಡಿಮೆ. ಎರಡು ಲಕ್ಷ ಸಾಲಕ್ಕೆ ಎರಡು ವರ್ಷದ ಬಡ್ಡಿ ಚಿಕ್ಕದಲ್ಲ, ಮಗನ ಲೆಕ್ಕ ತಪ್ಪಲ್ಲ. ಆದರೆ ಅವರು ಲೆಕ್ಕದಲ್ಲಿ ಒಂದು ಸಾಲು ಬಿಟ್ಟಿರಬಹುದು. ಕ್ಲರ್ಕ್ ಕೆಲಸ ಮುಗಿಸಿ ಬರುವವರನ್ನು ಅನೇಕ ಫರ್ಮುಗಳು ಕಾದಿದ್ದು ಸೇರಿಸಿಕೊಳ್ಳುತ್ತವೆ, ಮೇಲೆ ಒಂದು ಲಕ್ಷ ಡಾಲರ್ ಆಸುಪಾಸಿನ ವಿಶೇಷ ಬೋನಸ್ ಕೊಡುತ್ತವೆ, ಕಳೆದ ವರ್ಷಗಳನ್ನೂ ಹಿರಿತನಕ್ಕೆ ಸೇರಿಸುತ್ತವೆ. ತನ್ನ ಫರ್ಮ್ ಇದಕ್ಕೆ ಒಪ್ಪುತ್ತದೆಯೇ ಎಂದು ಅವಳು ಈಗಲೇ ಬರವಣಿಗೆಯಲ್ಲಿ ಕೇಳಿಕೊಳ್ಳಲಿ. ಮುಂದೆ ಸರ್ಕಾರಿ ವಕೀಲಿಕೆಗೇ ಹೋಗುವ ಮನಸ್ಸಿದ್ದರೆ, ಸಾರ್ವಜನಿಕ ಸೇವೆಯಲ್ಲಿದ್ದು 120 ಕಂತು ಕಟ್ಟಿದವರ ಫೆಡರಲ್ ಸಾಲದ ಬಾಕಿ ಮನ್ನಾ ಆಗುವ ಯೋಜನೆ ಇದೆ. ಈ ಎರಡು ವರ್ಷವೂ ಅದರಲ್ಲಿ ಎಣಿಕೆಗೆ ಬರುತ್ತದೆ. ಖಾಸಗಿ ಬ್ಯಾಂಕಿನ ಸಾಲಕ್ಕೆ ಆ ಸೌಲಭ್ಯ ಇಲ್ಲ. ಹಾಗಾಗಿ ಸಾಲ ಯಾವುದು ಎಂದು ಮೊದಲು ನೋಡಲಿ.

ದುಡ್ಡಿಗಿಂತ ನನಗೆ ಕಾಳಜಿ ಇರುವುದು ಇನ್ನೊಂದರಲ್ಲಿ. ಒಬ್ಬ ನ್ಯಾಯಾಧೀಶರು, ಎರಡು ಮೂರು ಯುವಜನರು, ಒಂದು ಮುಚ್ಚಿದ ಕೋಣೆ. ಮುಂದಿನ ಜೀವನಪೂರ್ತಿ ಅವರ ಶಿಫಾರಸು ಬೇಕು. ಒಳ್ಳೆಯವರು ಸಿಕ್ಕರೆ ಗುರುಮನೆ, ಕೆಟ್ಟವರು ಸಿಕ್ಕರೆ ಹೇಳಿಕೊಳ್ಳಲು ಜಾಗವಿಲ್ಲ. ಉದ್ಯೋಗದಲ್ಲಿ ತಾರತಮ್ಯ ತಡೆಯುವ ಮುಖ್ಯ ಕಾಯ್ದೆಯೇ ಫೆಡರಲ್ ನ್ಯಾಯಾಂಗದ ನೌಕರರಿಗೆ ಅನ್ವಯಿಸುವುದಿಲ್ಲ; ನ್ಯಾಯಾಂಗದ ಒಳಗಿನ ದೂರು ವ್ಯವಸ್ಥೆಯನ್ನೇ ನೆಚ್ಚಿಕೊಳ್ಳಬೇಕು. 2024ರಲ್ಲಿ ಅಲಾಸ್ಕಾದ ಜಿಲ್ಲಾ ನ್ಯಾಯಾಧೀಶರೊಬ್ಬರು ಕ್ಲರ್ಕುಗಳೊಂದಿಗಿನ ದುರ್ನಡತೆಯ ತನಿಖೆಯ ನಂತರ ರಾಜೀನಾಮೆ ಕೊಟ್ಟರು. ಆ ಕಚೇರಿಯಲ್ಲಿ ಹಿಂದೆ ಕೆಲಸ ಮಾಡಿದ ಮೂವರೊಂದಿಗಾದರೂ ಮೊಮ್ಮಗಳು ಮಾತಾಡಿದ್ದಾಳೆಯೇ ಕೇಳಿ. ಅವರ ಹೊಗಳಿಕೆಗಿಂತ ಅವರು ಎಲ್ಲಿ ತಡವರಿಸಿದರು ಎಂಬುದನ್ನು ಗಮನಿಸಬೇಕು.

ಎರಡು ವರ್ಷ ಮುಗಿದ ಮೇಲೆ? ಪೀಠದ ಆಸೆ ಇದ್ದವರು ಹಿಡಿಯುವ ಹಾದಿಗಳು ಕೆಲವು ಇವೆ. ಫೆಡರಲ್ ಪ್ರಾಸಿಕ್ಯೂಟರ್ ಕಚೇರಿ ಹಳೆಯ ಹೆದ್ದಾರಿ. ಥಾಪರ್, ಶಾ ಇಬ್ಬರೂ ಅಲ್ಲಿಂದ ಬಂದವರು. ಬಡ ಆರೋಪಿಗಳ ಪರ ಸರ್ಕಾರಿ ಖರ್ಚಿನಲ್ಲಿ ವಾದಿಸುವವರು ಮೊದಲು ಈ ಪೀಠಕ್ಕೆ ಅಪರೂಪ, ಈಚೆಗೆ ಅವರೂ ಬರುತ್ತಿದ್ದಾರೆ. ಅಮಿತ್ ಮೆಹ್ತಾ ಅಂಥ ಕಚೇರಿಯಲ್ಲಿ ಕೆಲಸ ಮಾಡಿದವರೇ. ಇನ್ನೊಂದು ಬಾಗಿಲು ನಮ್ಮವರಿಗೆ ಅಷ್ಟಾಗಿ ಗೊತ್ತಿಲ್ಲ: ಮ್ಯಾಜಿಸ್ಟ್ರೇಟ್ ಜಡ್ಜ್. ಇವರನ್ನು ಅಧ್ಯಕ್ಷರಲ್ಲ, ಆ ಕೋರ್ಟಿನ ನ್ಯಾಯಾಧೀಶರೇ ಸಮಿತಿಯ ಮೂಲಕ 8 ವರ್ಷದ ಅವಧಿಗೆ ಆರಿಸುತ್ತಾರೆ. ಸೆನೆಟ್ ಇಲ್ಲ, ನೀಲಿ ಚೀಟಿ ಇಲ್ಲ. ಸಂಬಳ ಜಿಲ್ಲಾ ನ್ಯಾಯಾಧೀಶರದರಲ್ಲಿ ಶೇ. 92. ಜಾಮೀನು, ಶೋಧನಾ ವಾರಂಟ್, ರಾಜಿ ಮಾತುಕತೆ, ಪಕ್ಷಗಾರರು ಒಪ್ಪಿದರೆ ಪೂರ್ತಿ ಸಿವಿಲ್ ವಿಚಾರಣೆ. ನ್ಯೂಜೆರ್ಸಿಯಲ್ಲೇ ಜಾಹಿದ್ ಕುರೇಶಿ ಮೊದಲು ಮ್ಯಾಜಿಸ್ಟ್ರೇಟ್ ಜಡ್ಜ್ ಆಗಿದ್ದು 2021ರಲ್ಲಿ ಜಿಲ್ಲಾ ನ್ಯಾಯಾಧೀಶರಾದರು. ನ್ಯೂಯಾರ್ಕಿನ ಪೂರ್ವ ಡಿಸ್ಟ್ರಿಕ್ಟ್‌ನಲ್ಲಿ ಸಂಕೇತ್ ಬುಲ್ಸಾರಾ ಅವರದೂ ಇದೇ ದಾರಿ. ನ್ಯಾಯ ಹೇಳುವ ಕೆಲಸದ ಮೇಲೆ ಪ್ರೀತಿ ಇದ್ದು ಪದವಿಯ ಹಟ ಇಲ್ಲದವರಿಗೆ ನಾನು ಸೂಚಿಸುವುದು ಈ ಬಾಗಿಲನ್ನು.

ಯಾವ ದಾರಿ ಹಿಡಿದರೂ ಇಪ್ಪತ್ತು ವರ್ಷದ ನಂತರ ಯಾವ ಅಧ್ಯಕ್ಷರು, ಯಾವ ಸೆನೆಟರು, ಯಾವ ಕುರ್ಚಿ ಖಾಲಿ ಎಂಬುದು ಅವಳ ಕೈಯಲ್ಲಿಲ್ಲ. ಆದ್ದರಿಂದ ಕ್ಲರ್ಕ್ ಕೆಲಸಕ್ಕೆ ಹೋಗಲಿ, ಆದರೆ ಪೀಠಕ್ಕಾಗಿ ಎಂದು ಹೋಗಬಾರದು ಎನ್ನುವುದು ನನ್ನ ಅಭಿಪ್ರಾಯ. ಪೀಠ ಬಾರದಿದ್ದರೂ ಸಾರ್ಥಕ ಎನ್ನಿಸುವ ವಕೀಲಿಕೆಯನ್ನು ಆರಿಸಿಕೊಂಡವರು ನೆಮ್ಮದಿಯಿಂದ ಇದ್ದಾರೆ. ನಲವತ್ತರವರೆಗೆ ಒಂದು ಮಾತನ್ನೂ ಬಾಯಿಬಿಟ್ಟು ಆಡದೆ, ನಾಳೆ ಸೆನೆಟಿನಲ್ಲಿ ಯಾರಾದರೂ ಕೇಳಿಯಾರು ಎಂದು ಹೆದರಿ ಬದುಕಿದವರನ್ನೂ ನೋಡಿದ್ದೇನೆ.

ತಮ್ಮ ಕೊನೆಯ ಪ್ರಶ್ನೆ. ಅವಳಿಗೆ ಈಗ 26. ಎಲ್ಲವೂ ಕೂಡಿ ಬಂದರೂ ನಲವತ್ತೈದು ದಾಟುತ್ತದೆ. ಲೆಕ್ಕ ತಮಗೆ ಬಿಟ್ಟದ್ದು, ನಾನು ಸುಳ್ಳು ಸಮಾಧಾನ ಹೇಳಲಾರೆ. ಆದರೆ ಕೋರ್ಟ್ ಹಾಲಿನಲ್ಲಿ ಅವಳನ್ನು ನೋಡಲು ಅಷ್ಟು ಕಾಯಬೇಕಾಗಿಲ್ಲ. ಫೆಡರಲ್ ಕೋರ್ಟುಗಳ ಕಲಾಪ ಬಹುತೇಕ ಬಹಿರಂಗ, ಯಾರ ಅನುಮತಿಯೂ ಬೇಡ. ಮುಂದಿನ ವರ್ಷ ಮಗನ ಮನೆಗೆ ಹೋದಾಗ, ಶಿಕ್ಷೆ ಪ್ರಕಟಣೆ ಇರುವ ಒಂದು ಬೆಳಿಗ್ಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತುಬಿಡಿ. ಬಾಗಿಲಲ್ಲಿ ತೋರಿಸಲು ಪಾಸ್‌ಪೋರ್ಟ್ ಇರಲಿ, ಮೊಬೈಲನ್ನು ಕಾರಿನಲ್ಲೇ ಬಿಟ್ಟು ಹೋಗಿ, ಒಳಗೆ ಚಳಿ ಇರುತ್ತದೆ, ಸ್ವೆಟರ್ ಬೇಕು. ಮೊಮ್ಮಗಳು ಒಂದು ಬದಿಯ ಮೇಜಿನಲ್ಲಿ ಕೂತು ಬರೆದುಕೊಳ್ಳುತ್ತಿರುತ್ತಾಳೆ. ಪೀಠದ ಕೆಳಗೆ ಇನ್ನೊಬ್ಬರು ಇರುತ್ತಾರೆ: ಕೇಸಿನ ಸಂಖ್ಯೆ ಕೂಗಿ ಹೇಳುವವರು, ಪ್ರಮಾಣ ಮಾಡಿಸುವವರು, ಮುಂದಿನ ದಿನಾಂಕ ಗೊತ್ತುಮಾಡುವವರು, ಯಾವ ಕಾಗದ ಎಲ್ಲಿದೆ ಎಂದು ತಲೆ ಎತ್ತದೆ ಹೇಳಬಲ್ಲವರು. ನ್ಯಾಯಾಧೀಶರು ಅವರ ಕಡೆ ಬಾಗಿ ಏನೋ ಪಿಸುಗುಟ್ಟಿ ಕೇಳುತ್ತಾರೆ. ಅವರು ಏನು ಹೇಳಿದರೆಂದು ಆ ಹಾಲಿನಲ್ಲಿ ತಮಗೆ ಬಿಟ್ಟು ಇನ್ನಾರಿಗೂ ಊಹಿಸಲಾಗುವುದಿಲ್ಲ.